ಠಾಣೆಯಲ್ಲಿ ಬಾಯಿ ಬಿಡದವನು ಕಳ್ಳನೇ ಆಗಬೇಕಾ?

ತುಂಗೆದಡ, ತೀರ್ಥಹಳ್ಳಿ

ಕೊಯ್ಲಿನ ಕಾಲ ಬಂತೆಂದರೆ ನಮ್ಮ ಕಡೆ ಒಂದಲ್ಲ ಒಂದು ಮನೆಯಿಂದ ಅಡಿಕೆ ಕಳುವಾಗುವುದು ಮಾಮೂಲಾಗಿದೆ. ಈ ಸಲ ಪಕ್ಕದ ಊರಲ್ಲಿ ಒಣಗಿಸಿ ಕಟ್ಟಿಟ್ಟಿದ್ದ ಮೂಟೆಗಳೇ ಹೋದವು. ಆ ಮನೆಗೆ ಕೊನೆ (ಅಡಿಕೆ ಗೊನೆ) ತೆಗೆಯಲು ಬರುತ್ತಿದ್ದ ಹುಡುಗನನ್ನು ಠಾಣೆಗೆ ಕರೆಸಿದರು. ಅವನು ಹೆಸರು ಹೇಳಿದ, ಊರು ಹೇಳಿದ. ಮೂಟೆ ವಿಷಯ ಎತ್ತಿದಾಗ ‘ವಕೀಲರು ಬರಲಿ ಸಾರ್’ ಅಂದನಂತೆ. ಅಷ್ಟೇ.

ಸಂಜೆ ಹೊತ್ತಿಗೆ ಹೋಟೆಲಿನಲ್ಲಿ ತೀರ್ಪು ಆಗಿಹೋಗಿತ್ತು. ‘ತಪ್ಪು ಮಾಡದಿದ್ದರೆ ಬಾಯಿ ಬಿಡೋಕೆ ಏನು ಧಾಡಿ?’ ಅಂತ ಒಬ್ಬರು. ‘ನಾಲ್ಕು ಬಿಟ್ಟರೆ ತಾನೇ ಹೇಳ್ತಾನೆ’ ಅಂತ ಇನ್ನೊಬ್ಬರು. ಇಬ್ಬರೂ ಒಳ್ಳೆಯ ಜನವೇ, ಊರಿನ ಕಷ್ಟಕ್ಕೆ ಆಗುವವರೇ. ಆದರೆ ಈ ಎರಡು ಮಾತು ಯಾವಾಗಲೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸುಮ್ಮನಿರುವ ಹಕ್ಕು ಕಳ್ಳರು ತಪ್ಪಿಸಿಕೊಳ್ಳಲಿ ಅಂತ ಬಿಟ್ಟ ಕಿಂಡಿ ಅಂತ ತುಂಬಾ ಜನ ತಿಳಿದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅದು ಹೊಡೆತ ನಿಲ್ಲಿಸಲು ಹುಟ್ಟಿದ ಹಕ್ಕು. ಮಾತಾಡಲೇಬೇಕು ಅಂತ ಕಾನೂನು ಮಾಡಿದ ಕೂಡಲೇ, ಮಾತಾಡದವನನ್ನು ಏನು ಮಾಡೋಣ ಅನ್ನುವ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಮನುಷ್ಯರು ಕೊಟ್ಟುಕೊಂಡ ಉತ್ತರಗಳನ್ನು ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹಿಂದೆ ಇಂಗ್ಲೆಂಡಿನಲ್ಲಿ ಆರೋಪಿ ತಾನೇ ಬಾಯಿ ಬಿಟ್ಟು ವಿಚಾರಣೆಗೆ ಒಪ್ಪದಿದ್ದರೆ ಕೇಸು ಮುಂದೆ ಹೋಗುವಂತಿರಲಿಲ್ಲ. ಒಪ್ಪದವನನ್ನು ಅಂಗಾತ ಮಲಗಿಸಿ, ಎದೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಭಾರ ಹೇರುತ್ತಿದ್ದರು. ಬಾಯಿ ಬಿಡುವ ತನಕ, ಇಲ್ಲವೇ ಜೀವ ಹೋಗುವ ತನಕ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಗೈಲ್ಸ್ ಕೋರಿ ಅನ್ನುವ ರೈತ ಹೀಗೇ ಸತ್ತ. ವಯಸ್ಸು ಎಂಬತ್ತರ ಆಸುಪಾಸು. ಮಾಟ ಮಾಡಿದ ಅನ್ನುವುದು ಆರೋಪ. ಕಲ್ಲಿನ ಮೇಲೆ ಕಲ್ಲು ಪೇರಿಸಿದರೂ ಆತ ವಿಚಾರಣೆಗೆ ಒಪ್ಪುವ ಮಾತು ಆಡಲಿಲ್ಲ. ಇಂಗ್ಲೆಂಡಿನಲ್ಲಿ ಈ ಪದ್ಧತಿ ಹೋಗಿದ್ದು 1772ರಲ್ಲಿ. ಆರೋಪಿ ಸುಮ್ಮನಿದ್ದರೆ ‘ತಪ್ಪು ಒಪ್ಪಿಲ್ಲ’ ಅಂತ ಬರೆದುಕೊಂಡು ಕೇಸು ನಡೆಸಬೇಕು ಅನ್ನುವ ಕಾನೂನು ಬಂದಿದ್ದು 1827ರಲ್ಲಿ. ಇಷ್ಟು ಸಣ್ಣ ಪರಿಹಾರ ಹೊಳೆಯುವುದಕ್ಕೆ ಅಷ್ಟು ಕಾಲ ಬೇಕಾಯಿತು.

ಠಾಣೆ, ಕೋರ್ಟು ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಅಡಿಕೆತೋಟ, ಸಾಗರ

ಕಳಕೊಂಡವರ ಕಡೆಯಿಂದಲೂ ಒಂದು ಮಾತು ಇರಲಿ. ಕೊನೆ ಇಳಿಸಿ, ಸುಲಿದು, ಬೇಯಿಸಿ, ಬಣ್ಣಕ್ಕೆ ಚೊಗರು ಕೊಟ್ಟು, ಮೋಡ ಕಂಡಾಗಲೆಲ್ಲ ಅಟ್ಟಕ್ಕೆ ಓಡಿ, ಆರಿಸಿ ಕಟ್ಟಿದ ಮೂಟೆ ಅದು. ಕೊಳೆ ರೋಗ, ಎಲೆಚುಕ್ಕಿ, ಮಂಗ ಎಲ್ಲಾ ತಿಂದು ಉಳಿಸಿದ್ದು. ಅದನ್ನು ಒಂದೇ ರಾತ್ರಿಯಲ್ಲಿ ಹೊತ್ತುಕೊಂಡು ಹೋದರೆ ಹೊಟ್ಟೆ ಉರಿಯಲ್ವಾ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಸುಮ್ನೆ ಹುಟ್ಟಿಲ್ಲ. ತಪ್ಪಿಲ್ಲದವನು ‘ಆವತ್ತು ರಾತ್ರಿ ಇಂಥ ಕಡೆ ಇದ್ದೆ’ ಅಂತ ಹೇಳಿ ಎದ್ದು ಬರಬಹುದು. ಹೊಡೆಯಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಕೊಡದೆ ವಕೀಲರನ್ನು ಕರೆಸುತ್ತೇನೆ ಅಂದರೆ ನಮಗೆ ಅನುಮಾನ ಬರುವುದು ಸಹಜ ತಾನೇ.

ಕೋರ್ಟ್ ರಸ್ತೆ, ಶಿವಮೊಗ್ಗ

ನಾನು ವಕೀಲ. ತೋಟದವರ ಮಾತಿಗೇ ಮೊದಲು ಬರುತ್ತೇನೆ. ಅನುಮಾನ ಬರುವುದು ಸಹಜ, ಸರಿ. ಆದರೆ ನಿಜ ಹೇಳಿ ಎದ್ದು ಬರುವುದು ಅಷ್ಟು ಸುಲಭ ಅಲ್ಲ. ಆ ಹುಡುಗ ‘ರಾತ್ರಿ ತೋಟದ ದಾರಿಯಲ್ಲೇ ಮನೆಗೆ ಹೋದೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಅಂತಿಟ್ಟುಕೊಳ್ಳಿ. ಆಗ ತನಿಖೆ ಮುಂದೆ ಎಲ್ಲೂ ಹೋಗುವುದಿಲ್ಲ, ಅವನ ಮೇಲೇ ನಿಲ್ಲುತ್ತದೆ. ಹೊತ್ತು ಹೇಳುವಾಗ ಅರ್ಧ ಗಂಟೆ ಆಚೀಚೆ ಆದರೆ ‘ಸುಳ್ಳು ಹೇಳಿದ’ ಅಂತ ಆಗುತ್ತದೆ. ಓದು ಬರಹ ಕಡಿಮೆ ಇರುವವನು, ಠಾಣೆಯ ಗಾಳಿಗೇ ಹೆದರಿದವನು ಆಡುವ ಮಾತು ಅವನಿಗೇ ಉರುಳಾಗುವುದನ್ನು ನಾವು ಕೋರ್ಟಿನಲ್ಲಿ ನೋಡುತ್ತಲೇ ಇರುತ್ತೇವೆ.

ಸಂವಿಧಾನದ 20(3)ನೇ ವಿಧಿ ಒಂದೇ ಸಾಲು. ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಆಗುವಂತೆ ಬಲವಂತ ಮಾಡುವಂತಿಲ್ಲ. ಇದು ಕೋರ್ಟಿನ ಕಟಕಟೆಗೆ ಮಾತ್ರವೋ, ಠಾಣೆಗೂ ಬರುತ್ತದೋ ಅನ್ನುವ ಪ್ರಶ್ನೆಗೆ 1978ರ ನಂದಿನಿ ಸತ್ಪತಿ ಪ್ರಕರಣದಲ್ಲಿ ಉತ್ತರ ಸಿಕ್ಕಿತು. ಆಕೆ ಒಡಿಶಾದ ಮುಖ್ಯಮಂತ್ರಿ ಆಗಿದ್ದವರು. ಪೊಲೀಸರು ಪ್ರಶ್ನೆಗಳನ್ನು ಬರೆದುಕೊಟ್ಟರು, ಆಕೆ ಉತ್ತರಿಸಲಿಲ್ಲ, ಅದಕ್ಕೇ ಕೇಸು ಹಾಕಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಈ ಹಕ್ಕು ಪೊಲೀಸ್ ವಿಚಾರಣೆಯ ಹಂತದಲ್ಲೇ ಶುರುವಾಗುತ್ತದೆ ಅಂದಿತು. ಹೊಡೆತ ಮಾತ್ರ ಬಲವಂತ ಅಲ್ಲ, ಹೆದರಿಕೆ, ಗಂಟೆಗಟ್ಟಲೆ ಕೂರಿಸಿ ಕೇಳಿದ್ದನ್ನೇ ಕೇಳುವುದು, ಮನಸ್ಸಿಗೆ ಕೊಡುವ ಹಿಂಸೆ ಕೂಡ ಬಲವಂತವೇ ಅಂದಿತು. ಈ ತೀರ್ಪಿನ ಲಾಭ ಮಾಜಿ ಮುಖ್ಯಮಂತ್ರಿಗೆ ಸಿಕ್ಕಿದಷ್ಟು ಸಲೀಸಾಗಿ ಕೊನೆಗಾರನಿಗೂ ಸಿಗಬೇಕು. ನನ್ನ ಕೆಲಸವೇ ಅದು.

ಹಕ್ಕಿಗೆ ಮಿತಿಯೂ ಇದೆ. ಹೆಸರು, ವಿಳಾಸ ಹೇಳಬೇಕು. ಬೆರಳಚ್ಚು, ಕೈಬರಹದ ಮಾದರಿ ಕೊಡಬೇಕು. ಅದು ತನ್ನ ಮೇಲೆ ಸಾಕ್ಷಿ ಹೇಳಿದ ಹಾಗಲ್ಲ ಅಂತ 1961ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಮನೆಯೊಳಗೆ ಗಂಡ ಹೆಂಡತಿ ಇಬ್ಬರೇ ಇದ್ದು, ಹೆಂಡತಿ ಸತ್ತಿದ್ದರೆ, ಗಂಡ ಏನೂ ಹೇಳದೆ ಕೂತರೆ ಕೋರ್ಟು ಅದನ್ನು ಗಣನೆಗೆ ತೆಗೆದುಕೊಳ್ಳಬಹುದು. ಆದರೆ ಪ್ರಾಸಿಕ್ಯೂಷನ್ ಮೊದಲು ತನ್ನ ಪಾಲಿನ ಸಾಕ್ಷ್ಯ ತೋರಿಸಿರಬೇಕು.

ಇನ್ನು ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಈ ನಿಯಮ ಬ್ರಿಟಿಷರ ಔದಾರ್ಯದಿಂದ ಬಂದಿದ್ದಲ್ಲ. 1855ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಚಿತ್ರಹಿಂಸೆಯ ಬಗ್ಗೆ ಒಂದು ಆಯೋಗ ವರದಿ ಕೊಟ್ಟಿತು. ಆಗ ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯೂ ಬಳ್ಳಾರಿಯೂ ಮದರಾಸಿಗೇ ಸೇರಿದ್ದವು. ಕಂದಾಯ ವಸೂಲಿಗೂ ಕಳ್ಳತನ ಒಪ್ಪಿಸಲಿಕ್ಕೂ ಒಂದೇ ಉಪಾಯ. ಎರಡು ಮರದ ಪಟ್ಟಿಗಳ ನಡುವೆ ಬೆರಳು ಸಿಕ್ಕಿಸಿ ಹಿಂಡುವ ಕಿಟ್ಟಿ. ಕುತ್ತಿಗೆಯನ್ನು ಕಾಲಿಗೆ ಕಟ್ಟಿ ಬಗ್ಗಿಸಿ ಬಿಸಿಲಲ್ಲಿ ನಿಲ್ಲಿಸುವುದು. ಕಣ್ಣಿಗೆ ಮೆಣಸಿನಪುಡಿ. ಸಾಕ್ಷ್ಯ ಕಾಯ್ದೆ ಬರೆದ ಸ್ಟೀಫನ್‌ಗೆ ಇಲ್ಲಿ ಕೆಲಸ ಮಾಡಿದ ಒಬ್ಬ ಅಧಿಕಾರಿ ಹೇಳಿದ ಮಾತು ಪ್ರಸಿದ್ಧ. ಬಿಸಿಲಲ್ಲಿ ಅಲೆದು ಸಾಕ್ಷಿ ಹುಡುಕುವುದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಮೆಣಸಿನಪುಡಿ ಉಜ್ಜುವುದು ಸುಖ ಅಂತ.

ಈ ನಿಯಮಕ್ಕೆ ಒಂದು ದೊಡ್ಡ ಬಿಲ ಉಳಿದಿದೆ. ಕಸ್ಟಡಿಯಲ್ಲಿದ್ದವನು ಕೊಟ್ಟ ಮಾಹಿತಿಯಿಂದ ಮಾಲು ಸಿಕ್ಕಿದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯವಾಗುತ್ತದೆ. ಹಳೇ 27ನೇ ಕಲಂ. ಹೊಸ ಕಾಯ್ದೆಯಲ್ಲೂ ಹಾಗೇ ಇಟ್ಟುಕೊಂಡಿದ್ದಾರೆ. ಹಾಗಾಗಿ ಹೊಡೆತಕ್ಕೆ ಇನ್ನೂ ಫಲ ಇದೆ. ಫಲ ಇರುವ ತನಕ ಅದು ನಿಲ್ಲುವುದು ಕಷ್ಟ.

ಹಳೇ ದಫೇದಾರ

ವಕೀಲರು 27ರ ಬಗ್ಗೆ ಹೇಳಿದ್ದು ಸರಿ. ಒಳಗಿದ್ದವನಾಗಿ ಸ್ವಲ್ಪ ಸೇರಿಸುತ್ತೇನೆ. ಯಾವ ಠಾಣೆ ಅಂತ ಕೇಳಬೇಡಿ.

ಕಳವು ಕೇಸು ದಾಖಲಾದ ಮರುದಿನದಿಂದ ಫೋನು ಶುರು. ಕಳಕೊಂಡವರು, ಅವರ ನೆಂಟರು, ಊರಿನ ಮುಖಂಡರು. ‘ಏನ್ ಸಾಹೇಬ್ರೇ, ಇನ್ನೂ ಬಾಯಿ ಬಿಡಿಸಿಲ್ವಾ?’ ಇದೇ ಮಾತು. ಮೇಲಿನವರು ಕೇಳುವುದು ‘ರಿಕವರಿ ಎಷ್ಟು?’ ಅಂತ. ಬೀಟಿಗೆ ಹೋಗಲು ಜನ ಇಲ್ಲ. ಇರುವವರು ಬಂದೋಬಸ್ತಿಗೆ. ಹಾಗಿರುವಾಗ ಎದುರಿಗೆ ಸ್ಟೂಲ್ ಮೇಲೆ ಕೂತ ಒಬ್ಬನೇ ದಾರಿಯಾಗಿ ಕಾಣುತ್ತಾನೆ. ಹೊಡೆತಕ್ಕೆ ಇದು ನೆಪ ಆಗಬಾರದು. ಕಾರಣ ಮಾತ್ರ ಇದೇ.

ಅಡಿಕೆ ಕಳವು ಹಿಡಿಯಲು ಯಾರ ಬಾಯಿಯೂ ಬೇಕಾಗಿಲ್ಲ. ಕದ್ದ ಅಡಿಕೆಯನ್ನು ಮನೆಯಲ್ಲಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಅದು ಎಲ್ಲೋ ಒಂದು ಕಡೆ ತಕ್ಕಡಿಗೆ ಬರಲೇಬೇಕು. ದೊಡ್ಡ ಮಂಡಿಗೆ ಬರುವುದು ಕಡಿಮೆ. ಊರೂರು ಸುತ್ತಿ ಚಿಲ್ಲರೆ ಖರೀದಿ ಮಾಡುವವರ ಹತ್ತಿರ ಹೋಗುತ್ತದೆ. ತೋಟವೇ ಇಲ್ಲದವನು ಮೂಟೆ ತಂದನಾ, ಅರ್ಧಂಬರ್ಧ ಒಣಗಿದ್ದನ್ನು ತಂದನಾ, ನಡು ಹಗಲು ಬಿಟ್ಟು ಮುಸ್ಸಂಜೆಗೆ ಯಾಕೆ ತಂದ, ಚೀಟಿ ಯಾರ ಹೆಸರಲ್ಲಿ ಆಯಿತು? ಇದನ್ನು ಕೇಳಿಕೊಂಡು ತಿರುಗಿದರೆ ಸಿಗುತ್ತದೆ. ಒಂದೊಂದು ಮನೆಯವರ ಚೊಗರಿನ ಬಣ್ಣ, ಆರಿಸುವ ರೀತಿ ಬೇರೆ. ಕೆಲವು ಯಜಮಾನರು ರಾಶಿ ನೋಡಿದ ಕೂಡಲೇ ತಮ್ಮದೋ ಅಲ್ಲವೋ ಹೇಳುತ್ತಾರೆ. ಇದೆಲ್ಲ ತಾಳ್ಮೆಯ ಕೆಲಸ. ಚೆನ್ನಾಗಿ ಮಾಡುವ ಎಸ್‌ಐಗಳನ್ನು ಕಂಡಿದ್ದೇನೆ. ಅವರ ಕೇಸು ಕೋರ್ಟಿನಲ್ಲಿ ನಿಲ್ಲುತ್ತಿತ್ತು. ಬಾಯಿ ಬಿಡಿಸಿದ ಕೇಸುಗಳು ಹೆಚ್ಚಾಗಿ ಬಿದ್ದುಹೋಗುತ್ತಿದ್ದವು, ಯಾಕೆಂದರೆ ಮಾಲು ಸಿಕ್ಕಿದ್ದಕ್ಕೆ ಸಾಕ್ಷಿ ಅಂತ ಸಹಿ ಹಾಕಿದ ಪಂಚರು ಕೋರ್ಟಿಗೆ ಬಂದು ‘ಖಾಲಿ ಕಾಗದಕ್ಕೆ ಸಹಿ ಹಾಕಿದ್ದೆ’ ಅನ್ನುತ್ತಾರೆ.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ಸಹಿ ಹಾಕಿಸುವಂತಿಲ್ಲ. ಹಾಕು ಅಂದರೆ ಬೇಡ ಅನ್ನಬಹುದು.

ಅಡಿಕೆತೋಟ, ಸಾಗರ

ದಫೇದಾರರೇ, ಆ ಚಿಲ್ಲರೆ ಖರೀದಿಯ ವಿಷಯ ನೂರಕ್ಕೆ ನೂರು ಸರಿ. ನಮ್ಮ ಕಡೆ ರಾತ್ರಿ ಎಂಟರ ಮೇಲೆ ಪಿಕಪ್ ನಿಲ್ಲಿಸಿಕೊಂಡು ತೂಕ ಮಾಡುವವರಿದ್ದಾರೆ. ಅವರನ್ನು ಯಾರೂ ಸ್ಟೂಲ್ ಮೇಲೆ ಕೂರಿಸುವುದಿಲ್ಲ.

ಬಿದನೂರು ಮೇಷ್ಟ್ರು, ಹೊಸನಗರ

ಠಾಣೆಗೆ ಹೋಗುವ ಮುಂಚೆ ನಮ್ಮ ಊರುಗಳಲ್ಲಿ ಇನ್ನೊಂದು ಮೆಟ್ಟಿಲು ಇದೆ. ಅದನ್ನು ಯಾರೂ ಹೇಳಲಿಲ್ಲ. ಆಣೆ.

ಮಲೆನಾಡಿನ ತೋಟದ ಬೇಲಿಗಳಲ್ಲಿ ಸಿಗಂದೂರು ಚೌಡೇಶ್ವರಿಯ ಹೆಸರಿನಲ್ಲಿ ‘ದೇವಿಯ ಕಾವಲಿದೆ’ ಅನ್ನುವ ಬೋರ್ಡು ಎಲ್ಲರೂ ನೋಡಿದ್ದೀರಿ. ನಂಬಿಕೆಯಿಂದ ಬೋರ್ಡು ಹಾಕುವುದರಲ್ಲಿ ತಪ್ಪೇನೂ ಇಲ್ಲ. ಅದು ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ನನಗೆ ಸಂಕಟ ಆಗುವುದು ಬೇರೆ ಕಡೆ. ನಾಲ್ಕು ಜನ ಸೇರಿ ಒಬ್ಬನನ್ನು ಹಿಡಿದು ‘ನೀನು ಕದ್ದಿಲ್ಲ ಅಂದರೆ ದೇವರ ಮುಂದೆ ಆಣೆ ಹಾಕು’ ಅನ್ನುತ್ತಾರಲ್ಲ, ಅಲ್ಲಿ. ಹಾಕಲ್ಲ ಅಂದರೆ ಅವನೇ ಕಳ್ಳ. ಹಾಕಿದ ಮೇಲೆ ಮಗುವಿಗೆ ಜ್ವರ ಬಂದರೂ ಅವನೇ ಕಳ್ಳ. ಕೆಲವರು ಹೆದರಿ, ತಪ್ಪು ಮಾಡದೆಯೇ ತಪ್ಪುಕಾಣಿಕೆ ಕಟ್ಟುತ್ತಾರೆ.

ಇದು ಹಳೇ ಕಾಲದ ದಿವ್ಯಗಳ, ಅಂದರೆ ದೇವರೇ ನಿಜ ತೋರಿಸುತ್ತಾನೆ ಅಂತ ಮಾಡುತ್ತಿದ್ದ ಪರೀಕ್ಷೆಗಳ, ಪಳೆಯುಳಿಕೆ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದರಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ (ದೇವರಿಗೆ ಅಭಿಷೇಕ ಮಾಡಿದ ನೀರು ಕುಡಿಸುವುದು) ಅಂತ ಐದು ದಿವ್ಯಗಳ ವಿವರ ಇದೆ. ಅಲ್ಲೂ ಎಲ್ಲರಿಗೂ ಒಂದೇ ಅಲ್ಲ. ಹೆಂಗಸರು, ಮಕ್ಕಳು, ಮುದುಕರು, ರೋಗಿಗಳು, ಬ್ರಾಹ್ಮಣರಿಗೆ ತಕ್ಕಡಿ. ಶೂದ್ರರಿಗೆ ಬೆಂಕಿ, ನೀರು ಅಥವಾ ವಿಷ. ಇವತ್ತಿಗೂ ಆಣೆ ಹಾಕು ಅಂತ ಯಾರಿಗೆ ಹೇಳುತ್ತೇವೆ? ಕೂಲಿಗೆ ಬಂದವನಿಗೆ. ಜಮೀನ್ದಾರರ ಮನೆಯ ಹುಡುಗನಿಗೆ ಹೇಳಿದ್ದನ್ನು ನಾನು ಕಂಡಿಲ್ಲ.

ಇಂಗ್ಲೆಂಡಿನಲ್ಲಿ ಸುಮ್ಮನಿರುವ ಹಕ್ಕಿನ ಹೋರಾಟ ಶುರುವಾಗಿದ್ದೂ ಆಣೆಯಿಂದಲೇ. 1637ರಲ್ಲಿ ಜಾನ್ ಲಿಲ್ಬರ್ನ್ ಅನ್ನುವ ಯುವಕನನ್ನು ಪರವಾನಗಿ ಇಲ್ಲದ ಪುಸ್ತಕ ಸಾಗಿಸಿದ ಆರೋಪದಲ್ಲಿ ಹಿಡಿದು, ಸ್ಟಾರ್ ಚೇಂಬರ್ ಎಂಬ ನ್ಯಾಯಸ್ಥಾನದ ಮುಂದೆ ನಿಲ್ಲಿಸಿದರು. ಏನು ಕೇಳಿದರೂ ನಿಜ ಹೇಳುತ್ತೇನೆ ಅಂತ ಮೊದಲೇ ಪ್ರಮಾಣ ಮಾಡಬೇಕಿತ್ತು. ಅವನು ಮಾಡಲಿಲ್ಲ. ಬಂಡಿಗೆ ಕಟ್ಟಿ, ಬೀದಿಯುದ್ದ ಬರಿ ಬೆನ್ನಿಗೆ ಚಾವಟಿಯಲ್ಲಿ ಹೊಡೆದರು. ಜನ ಮರೆಯಲಿಲ್ಲ. 1641ರಲ್ಲಿ ಆ ನ್ಯಾಯಸ್ಥಾನವೇ ರದ್ದಾಯಿತು.

ಶಿಕ್ಷೆಯ ಬಗ್ಗೆಯೂ ಒಂದು ಮಾತು. ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳಲ್ಲಿ ಕೋದಂಡ ಅಂತ ಇತ್ತು. ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬಿಟ್ಟು ಕೆಳಗಿನಿಂದ ಬೆತ್ತದ ಏಟು. ಅದನ್ನು ಆಗ ಯಾರೂ ಕ್ರೂರ ಅನ್ನಲಿಲ್ಲ, ವಿದ್ಯೆ ಹತ್ತಲಿ ಅಂತ ಮಾಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ ಮೇಜಿನ ಮೇಲೆ ನಾಗರಬೆತ್ತ ಇರುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತ ಹೋದ ಮೇಲೆ ಮಕ್ಕಳು ತಾವೇ ಬಂದು ತಪ್ಪು ಹೇಳಿಕೊಳ್ಳುವುದು ಜಾಸ್ತಿ ಆಯಿತು. ಇದು ನನ್ನ ತರಗತಿಯ ಅನುಭವ.

ಹಿನ್ನೀರಿನ ಮಗಳು

ಮೇಷ್ಟ್ರೇ, ಯಾರಿಗೆ ಆಣೆ ಅನ್ನುವ ಮಾತು ಬರೆದಿದ್ದಕ್ಕೆ ನಮಸ್ಕಾರ.

ನಾವು ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಮುಳುಗಿ ಬಂದವರು. ನಮ್ಮ ಜನಕ್ಕೆ ಪೊಲೀಸರಿಗಿಂತ ಜಾಸ್ತಿ ಭಯ ಅರಣ್ಯ ಇಲಾಖೆಯದು. ಸೌದೆ, ದರಗು, ಬಿದಿರು, ಹಳೇ ಸಾಗುವಳಿ, ಏನಾದರೂ ಒಂದು. ಒಂದು ಸಲ ನಮ್ಮ ಕೇರಿಯ ಒಬ್ಬರನ್ನು ಕಾಡುಹಂದಿ ಮಾಂಸದ ಅನುಮಾನದಲ್ಲಿ ಕರಕೊಂಡು ಹೋದರು. ರೇಂಜ್ ಆಫೀಸಿನ ಹಿಂದಿನ ಕೋಣೆಯಲ್ಲಿ ಕತ್ತಲಾಗುವ ತನಕ ಇಟ್ಟುಕೊಂಡರು. ಬರೆದದ್ದನ್ನು ಓದಿ ಹೇಳಲಿಲ್ಲ, ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು. ಅವರು ಮನೆಗೆ ಬಂದು ಕೇಳಿದ್ದು ಒಂದೇ, ‘ನಾನು ಏನು ಹೇಳಿದೆ ಅಂತ ಅದರಲ್ಲಿ ಬರೆದಿದೆ?’

ಪೊಲೀಸರ ಮುಂದೆ ಹೇಳಿದ್ದು ನಡೆಯಲ್ಲ ಅಂದಿರಿ. ಫಾರೆಸ್ಟಿನವರ ಮುಂದೆ ಹೇಳಿದ್ದು?

ಕೋರ್ಟ್ ರಸ್ತೆ, ಶಿವಮೊಗ್ಗ

ಅಕ್ಕ, ಮಲೆನಾಡಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಅರಣ್ಯಾಧಿಕಾರಿಯನ್ನು ಕೋರ್ಟುಗಳು ಸಾಮಾನ್ಯವಾಗಿ ‘ಪೊಲೀಸ್ ಅಧಿಕಾರಿ’ ಅಂತ ಪರಿಗಣಿಸಿಲ್ಲ. ಹಾಗಾಗಿ ತಪ್ಪೊಪ್ಪಿಗೆ ನಡೆಯುವುದಿಲ್ಲ ಅನ್ನುವ ಆ ತಡೆ ಅಲ್ಲಿ ತಾನಾಗಿ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ 50ನೇ ಕಲಂ ಪ್ರಕಾರ, ಅಧಿಕಾರ ಪಡೆದ, ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಗಿಂತ ಕೆಳಗಲ್ಲದ ಅಧಿಕಾರಿ ಆರೋಪಿಯ ಎದುರಿನಲ್ಲಿ ದಾಖಲಿಸಿಕೊಂಡ ಸಾಕ್ಷ್ಯ ಮುಂದೆ ವಿಚಾರಣೆಯಲ್ಲಿ ಸಲ್ಲುತ್ತದೆ. ಗಾರ್ಡು, ಫಾರೆಸ್ಟರು ಬರೆದುಕೊಂಡದ್ದಕ್ಕೆ ಆ ಬೆಲೆ ಇಲ್ಲ.

ಆದರೆ 20(3) ಎಲ್ಲಾ ಇಲಾಖೆಗೂ ಒಂದೇ. ಹೆದರಿಸಿ, ಕೂಡಿಹಾಕಿ ಪಡೆದ ಹೇಳಿಕೆಯನ್ನು ಕೋರ್ಟು ತಳ್ಳಿಹಾಕಬಹುದು, ಅದನ್ನು ನಾವು ಎತ್ತಿ ತೋರಿಸಬೇಕು. ಮಾದಕ ವಸ್ತು ಕಾಯ್ದೆಯ ಅಧಿಕಾರಿಗಳ ಮುಂದೆ ಹೇಳಿದ್ದು ತಪ್ಪೊಪ್ಪಿಗೆ ಆಗುವುದಿಲ್ಲ, ಅವರೂ ಪೊಲೀಸರೇ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾ‌ಡಿನ ವಿಷಯದಲ್ಲೂ ಅಂಥದ್ದೊಂದು ತೀರ್ಪು ಬರಬೇಕು ಅಂತ ನನ್ನ ಆಸೆ. ರೇಂಜ್ ಆಫೀಸಿನ ಹಿಂದಿನ ಕೋಣೆಗೂ ಠಾಣೆಯ ಸೆಲ್ಲಿಗೂ ಒಳಗೆ ಕೂತವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ ಅಂತ ಕೇರಿಯಲ್ಲಿ ಎಲ್ಲರಿಗೂ ಹೇಳಿ, ಅಕ್ಕ.

ಸಹ್ಯಾದ್ರಿ ವಿದ್ಯಾರ್ಥಿ

ಹೊಡೆಯದೆ ಬಾಯಿ ಬಿಡಿಸುವ ದಾರಿ ಅಂತ ಮಂಪರು ಪರೀಕ್ಷೆ ತಂದರಲ್ವಾ? ಅದು ಬೆಂಗಳೂರಿನಲ್ಲೇ ಜಾಸ್ತಿ ನಡೆಯುತ್ತಿತ್ತು ಅಂತ ಓದಿದ್ದೆ. ನಕಲಿ ಛಾಪಾ ಕಾಗದ ಹಗರಣದ ತೆಲಗಿಗೆ ಔಷಧ ಕೊಟ್ಟು ಮಾತಾಡಿಸಿದ್ದು ಟಿವಿಯಲ್ಲೇ ಬಂದಿತ್ತು. ಅದಕ್ಕೆ ತಡೆ ಬಂದಿದ್ದೂ ಕರ್ನಾಟಕದ ಕೇಸಿನಲ್ಲೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ ಅಂತ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಔಷಧದ ಮಂಪರಿನಲ್ಲಿ ಆಡಿದ ಮಾತು ಅವನ ಮಾತಲ್ಲ. ಹೊಡೆತ ಕಾಣಲಿಲ್ಲ ಅಂದ ಮಾತ್ರಕ್ಕೆ ಅದು ಕ್ರೂರ ಅಲ್ಲ ಅನ್ನಲಾಗದು ಅನ್ನುವುದು ನನಗೆ ತುಂಬಾ ಹಿಡಿಸಿದ ವಿಚಾರ.

ಮೊಬೈಲ್ ಲಾಕ್ ವಿಷಯ ಹೇಗೆ? ಪಾಸ್‌ವರ್ಡ್ ಹೇಳು ಅಂದರೆ?

ಕೋರ್ಟ್ ರಸ್ತೆ, ಶಿವಮೊಗ್ಗ

2021ರಲ್ಲಿ ನಮ್ಮ ಹೈಕೋರ್ಟ್, ಪಾಸ್‌ವರ್ಡ್ ಕೊಡುವುದು ತನ್ನ ಮೇಲೆ ಸಾಕ್ಷಿ ಹೇಳಿದ ಹಾಗಲ್ಲ ಅಂದಿತು. ಆದರೆ ಫೋನ್ ನೋಡಲು ಕೋರ್ಟಿನಿಂದ ಸರ್ಚ್ ವಾರಂಟ್ ತರುವುದೇ ನಿಯಮ ಅಂತಲೂ ಹೇಳಿತು. ತಲೆಯೊಳಗೆ ಇರುವುದನ್ನು ಹೊರಗೆ ಹೇಳಿಸುವುದು ಬೆರಳಚ್ಚಿನ ಹಾಗಲ್ಲ ಅನ್ನುವುದು ನನ್ನ ವಾದ. ಸುಪ್ರೀಂ ಕೋರ್ಟಿನಲ್ಲಿ ಇದು ಗಟ್ಟಿಯಾಗಿ ತೀರ್ಮಾನ ಆಗಬೇಕು.

ಅಡಿಕೆತೋಟ, ಸಾಗರ

ಕಳವಿನ ವಿಷಯ ಬಿಡಿ. ಹೆಣ್ಣುಮಕ್ಕಳ ಮೇಲೆ ಕೈ ಹಾಕಿ ಕೊಲ್ಲುವವರಿಗೂ ಇದೇ ಹಕ್ಕಾ? 2019ರಲ್ಲಿ ಹೈದರಾಬಾದಿನಲ್ಲಿ ಅತ್ಯಾಚಾರ, ಕೊಲೆ ಆರೋಪದ ನಾಲ್ವರ ಎನ್‌ಕೌಂಟರ್ ಆದಾಗ ನಮ್ಮೂರಲ್ಲಿ ಪಟಾಕಿ ಹೊಡೆದರು. ನನಗೂ ಆವತ್ತು ಸರಿ ಅನಿಸಿತ್ತು. ಈಗಲೂ ಅಂಥವರಿಗೆ ಸುಖದ ಜೈಲು ಯಾಕೆ ಅನಿಸುತ್ತದೆ.

ಹಿನ್ನೀರಿನ ಮಗಳು

ಅಣ್ಣ, ನಾನು ಹೆಣ್ಣುಮಗಳಾಗಿ ಹೇಳುತ್ತೇನೆ. ಆ ನಾಲ್ವರ ಮೇಲೆ ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು ಅಂತ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪೂರ್ಕರ್ ಆಯೋಗ 2022ರಲ್ಲಿ ಹೇಳಿತು. ಅವರೇ ಮಾಡಿದ್ದಾ ಅನ್ನುವುದನ್ನು ಕೋರ್ಟಿನಲ್ಲಿ ತೋರಿಸುವ ಅವಕಾಶವೇ ಹೋಯಿತು. ಸತ್ತ ಹುಡುಗಿಗೆ ಅದರಿಂದ ನ್ಯಾಯ ಸಿಕ್ಕಿತು ಅಂತ ನನಗೆ ಅನಿಸಲಿಲ್ಲ.

ಈಸೂರು ಕಡೆಯವನು, ಶಿಕಾರಿಪುರ

ಗಲ್ಲಿನ ಮಾತು ಬಂದಾಗಲೆಲ್ಲ ನಮ್ಮ ಕಡೆ ನೆನಪಾಗುವುದು 1943ರ ಮಾರ್ಚ್. 1942ರಲ್ಲಿ ಈಸೂರಿನವರು ಸ್ವತಂತ್ರ ಅಂತ ಸಾರಿಕೊಂಡರು. ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಆಮೇಲೆ ಊರಿಗೆ ಊರೇ ಅನುಭವಿಸಿತು. ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ, ಈ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಆಗ ಸರ್ಕಾರದ ಲೆಕ್ಕದಲ್ಲಿ ಅವರು ಕೊಲೆಗಾರರು. ಕೆಲವೇ ವರ್ಷದಲ್ಲಿ ಹುತಾತ್ಮರು. ಇನ್ನು ನಾಲ್ಕೂವರೆ ವರ್ಷ ಜೈಲಿನಲ್ಲಿ ಇಟ್ಟಿದ್ದರೂ ಸಾಕಿತ್ತು, ಸ್ವತಂತ್ರ ದೇಶಕ್ಕೆ ಬಾಗಿಲು ತೆಗೆದು ಹೊರಗೆ ಬರುತ್ತಿದ್ದರು. ಗಲ್ಲು ಬೇಡ ಅನ್ನಲು ನನಗೆ ಬೇರೆ ಕಾರಣ ಬೇಕಾಗಿಲ್ಲ.

ಕೋರ್ಟ್ ರಸ್ತೆ, ಶಿವಮೊಗ್ಗ

ತೋಟದವರು ಕೇಳಿದ್ದು ಮನಸ್ಸಿನ ಮಾತು, ಹಾಗಾಗಿ ನೇರವಾಗಿ ಉತ್ತರಿಸುತ್ತೇನೆ. ಹೌದು, ಅಂಥವರಿಗೂ ಇದೇ ಹಕ್ಕು.

ನಮ್ಮ ಸಂವಿಧಾನದಲ್ಲಿ ‘ಕ್ರೂರ ಶಿಕ್ಷೆ ಕೂಡದು’ ಅನ್ನುವ ಸಾಲು ನೇರವಾಗಿ ಇಲ್ಲ. ಅಮೆರಿಕದ ಸಂವಿಧಾನಕ್ಕೆ 1791ರಲ್ಲೇ ಅದು ಸೇರಿತು. ನಮ್ಮ ಕೋರ್ಟುಗಳು ಅದನ್ನು 21ನೇ ವಿಧಿಯ ಬದುಕುವ ಹಕ್ಕಿನೊಳಗಿಂದ ನಿಧಾನವಾಗಿ ಬೆಳೆಸಿಕೊಂಡು ಬಂದವು. ಕೋರ್ಟು ವಿಧಿಸುವ ಛಡಿ ಏಟು 1955ರ ಕಾಯ್ದೆಯಲ್ಲಿ ಹೋಯಿತು. 1978ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿ ಕೈದಿಗಳ ಕಾಲಿಗೆ ಕಬ್ಬಿಣದ ಸರಳು ಬಿಗಿಯುವುದಕ್ಕೂ, ಗಲ್ಲಿನ ಕೈದಿಯನ್ನು ಒಂಟಿಯಾಗಿ ಕೂಡಿಹಾಕುವುದಕ್ಕೂ ಕಡಿವಾಣ ಬಿತ್ತು. 1980ರಲ್ಲಿ ಬಚನ್ ಸಿಂಗ್ ಪ್ರಕರಣ, ಗಲ್ಲು ಅಪರೂಪದಲ್ಲಿ ಅಪರೂಪಕ್ಕೆ ಮಾತ್ರ. 1985ರಲ್ಲಿ ರಾಜಸ್ಥಾನ ಹೈಕೋರ್ಟ್ ಸಾರ್ವಜನಿಕವಾಗಿ ನೇಣು ಹಾಕಿ ಅಂದಾಗ ಸುಪ್ರೀಂ ಕೋರ್ಟ್ ತಡೆಯಿತು. ಅಪರಾಧ ಅಮಾನುಷ ಆಗಿದ್ದರೂ ಶಿಕ್ಷೆ ಅಮಾನುಷ ಆಗಬೇಕಿಲ್ಲ ಅನ್ನುವುದು ಅದರ ಸಾರ. ಇವೆಲ್ಲ ನಮ್ಮ ಜೀವಿತಕಾಲದಲ್ಲೇ ಆದದ್ದು.

ಎಲ್ಲಕ್ಕಿಂತ ಕಷ್ಟದ ಉದಾಹರಣೆ, ಅತ್ಯಾಚಾರ ಮತ್ತು ಕೊಲೆಗೆ ಗಲ್ಲು ಶಿಕ್ಷೆ ಆಗಿದ್ದ ಉಮೇಶ್ ರೆಡ್ಡಿ. ಅವನು ಮಾಡಿದ್ದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಅವನಿಗೂ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಕನಿಷ್ಠ 30 ವರ್ಷದ ಜೈಲು ಕೊಟ್ಟಿತು. ಕಾರಣ, ಸುಮಾರು ಹತ್ತು ವರ್ಷ ಅವನನ್ನು ಒಂಟಿ ಸೆರೆಯಲ್ಲಿ ಇಟ್ಟಿದ್ದು. ಕೋರ್ಟು ಶಿಕ್ಷೆಯಾಗಿ ಕೊಡಬಹುದಾದ ಒಂಟಿ ಸೆರೆ ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ ಹದಿನಾಲ್ಕು ದಿನ ಮೀರುವಂತಿಲ್ಲ. ಜೈಲಿನವರು ಕಾನೂನು ಮೀರಿದರು. ತೀರ್ಪು ಬಂದ ದಿನ ನನ್ನ ಮನೆಯಲ್ಲೇ ಜಗಳ ಆಯಿತು. ಆದರೂ ಅದು ಸರಿಯಾದ ತೀರ್ಪು ಅಂತ ಇವತ್ತೂ ಹೇಳುತ್ತೇನೆ. ಅವನಿಗೆ ಇಲ್ಲದ ರಕ್ಷಣೆ ಕೊನೆಗಾರನ ಮಗನಿಗೂ ಉಳಿಯುವುದಿಲ್ಲ.

ಕೆಲಸ ಇನ್ನೂ ಬಾಕಿ ಇದೆ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದನೆ ಕೊಟ್ಟಿಲ್ಲ. 2010ರ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆಯಲ್ಲಿ ಪಾಸಾಗಿ ಆಮೇಲೆ ಬಿದ್ದುಹೋಯಿತು. ಎಲ್ಲಾ ಠಾಣೆಗಳಿಗೆ ಸಿಸಿಟಿವಿ ಹಾಕಿ ಅಂತ 2020ರ ಡಿಸೆಂಬರಿನಲ್ಲಿ ಆದೇಶ ಆಗಿದೆ. ನಿಮ್ಮ ಠಾಣೆಯದು ಕೆಲಸ ಮಾಡುತ್ತಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಹಳೇ ದಫೇದಾರ

ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಒಳ್ಳೆಯದು ಬಂದಿದೆ, ಅದನ್ನೂ ಹೇಳಬೇಕು. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವು, ಮೊದಲನೇ ಸಲ, ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಜೈಲಿಲ್ಲ.  ಹೊಟ್ಟೆಪಾಡಿಗೆ ಕೈ ಹಾಕಿದ ಹುಡುಗ ಸೋಗಾನೆ ಜೈಲಿಗೆ ಹೋಗಿ ದೊಡ್ಡ ಕಳ್ಳರ ಸಹವಾಸ ಮಾಡಿಕೊಂಡು ಬರುವುದು ತಪ್ಪುತ್ತದೆ.

ಅಡಿಕೆತೋಟ, ಸಾಗರ

ಅದಕ್ಕೆ ನನ್ನ ತಕರಾರಿಲ್ಲ. ಚರಂಡಿ ತೆಗೆಸಿ, ಶಾಲೆಗೆ ಬೇಲಿ ಕಟ್ಟಿಸಿ. ಸುಮ್ಮನಿರುವವನ ಮೇಲೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ‘ಬಾಯಿ ಬಿಡಿಸಿಲ್ವಾ’ ಅಂತ ಠಾಣೆಗೆ ಫೋನ್ ಮಾಡುವುದು ನಾವೇ ಅನ್ನುವುದು ನಿಜ. ರಾತ್ರಿ ತೂಕದ ಪಿಕಪ್‌ಗಳ ಬಗ್ಗೆ ಬೆಳೆಗಾರರೆಲ್ಲ ಸೇರಿ ಲಿಖಿತ ದೂರು ಕೊಡೋಣ ಅಂತಿದ್ದೇವೆ.

ಕೊಪ್ಪದಿಂದ

ಇಷ್ಟೂ ಓದಿದೆ. ನನ್ನದೊಂದು ತುರ್ತು ಪ್ರಶ್ನೆ. ಬೇಲಿ ಜಗಳದ ಕೇಸಿನಲ್ಲಿ ಸಾಕ್ಷಿ ಹೇಳಲು ಅಪ್ಪನಿಗೆ ನಾಳೆ ಠಾಣೆಗೆ ಬಾ ಅಂತ ಫೋನ್ ಬಂದಿದೆ. ಅಪ್ಪನಿಗೆ ಅರವತ್ತಮೂರು. ಬಿಪಿ ಇದೆ. ಊಟ ಬಿಟ್ಟು ಕೂತಿದ್ದಾರೆ. ಹೋಗಲೇಬೇಕಾ?

ಕೋರ್ಟ್ ರಸ್ತೆ, ಶಿವಮೊಗ್ಗ

ಬೇಕಾಗಿಲ್ಲ ತಂಗಿ. ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ನೋಡಿ. ಸಾಕ್ಷಿಯನ್ನು ಕರೆಯಬೇಕಾದರೆ ಲಿಖಿತ ಆದೇಶ ಕೊಡಬೇಕು, ಬರೀ ಫೋನ್ ಸಾಲದು. ಅರವತ್ತು ದಾಟಿದ ಗಂಡಸರು, ಹದಿನೈದರ ಒಳಗಿನ ಹುಡುಗರು, ಹೆಂಗಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು, ಇವರನ್ನೆಲ್ಲ ಅವರ ಮನೆಯಲ್ಲೇ ವಿಚಾರಿಸಬೇಕು. ತಾವಾಗಿ ಹೋಗುತ್ತೇನೆ ಅಂದರೆ ಹೋಗಬಹುದು. ಈಗಲೇ ಠಾಣೆಗೆ ಫೋನ್ ಮಾಡಿ, ಜಗಳ ಬೇಡ, ವಯಸ್ಸು ಹೇಳಿ, ಮನೆಗೇ ಬನ್ನಿ ಅಂತ ಕೇಳಿ. ಬಂದಾಗ ನೀವು ಪಕ್ಕದಲ್ಲಿ ಇರಿ. ಸಾಕ್ಷಿ ಆದವರು ಗೊತ್ತಿದ್ದನ್ನು ನಿಜವಾಗಿ ಹೇಳಬೇಕು, ಆದರೆ ತಮ್ಮ ಮೇಲೇ ಕೇಸು ತಂದುಕೊಳ್ಳುವಂಥ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಹೇಳಿಕೆಗೆ ಸಹಿ ಬೇಡ. ಒಪ್ಪದಿದ್ದರೆ 15100ಕ್ಕೆ ಕರೆ ಮಾಡಿ, ಅದು ಉಚಿತ ಕಾನೂನು ನೆರವಿನ ನಂಬರು. ಅಪ್ಪನಿಗೆ ಮೊದಲು ಊಟ ಮಾಡಿಸಿ.